ಕಾರಣ ಬರೆಯುವವರು ಬೇಕಾಗಿದ್ದಾರೆ

ಮಗಳೆ,

ಧಾರವಾಡದಲ್ಲಿ ಬಿ.ಎ.ಗೆ ಸೇರಿದ್ದೀ, ರಾಜ್ಯಶಾಸ್ತ್ರದ ಜೊತೆ ಅಪರಾಧಶಾಸ್ತ್ರ ತೆಗೆದುಕೊಂಡಿದ್ದೀ, ಮುಂದೆ ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಮಾಡುವ ಮನಸ್ಸಿದೆ ಎಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ದನಿಯಲ್ಲಿ ಹೆಮ್ಮೆಯೂ ಇತ್ತು, ಅಳುಕೂ ಇತ್ತು. ‘ಇದನ್ನೋದಿ ಏನಾಗ್ತಾಳ?’ ಎಂದು ಊರವರು ಕೇಳಿದರೆ ಹೇಳಲು ಅವನಿಗೆ ಮಾತು ಸಿಕ್ಕಿಲ್ಲ. ಕಂದಾಯ ಇಲಾಖೆಗೆ ಗುಮಾಸ್ತನಾಗಿ ಸೇರಿ ತಹಶೀಲ್ದಾರನಾಗಿ ನಿವೃತ್ತನಾದವನು ನಾನು. ನೀನು ಈಗ ಪುಸ್ತಕದಲ್ಲಿ ಓದಲು ಹೊರಟಿರುವುದರ ಬಹುಪಾಲನ್ನು ಕಚೇರಿಯ ಟೇಬಲ್ಲಿನ ಹಿಂದೆ ಕುಳಿತು ನೋಡಿದ್ದೇನೆ. ಏನಾಗುತ್ತೀ ಎಂಬುದನ್ನು ಆಮೇಲೆ ನೋಡೋಣ. ಹೇಗೆ ಓದಬೇಕು ಎಂಬ ಮಾತು ಮೊದಲು.

ಮೂರೂ ವಿಷಯಗಳು ಬೇರೆ ಬೇರೆ ಪುಸ್ತಕಗಳಾಗಿ ನಿನ್ನ ಕೈಗೆ ಬರುತ್ತವೆ. ಮೇಷ್ಟ್ರೂ ಬೇರೆ, ಪರೀಕ್ಷೆಯೂ ಬೇರೆ. ಆದರೆ ಮೂರೂ ಹೇಳುವುದು ಒಂದೇ ಸಂಗತಿಯನ್ನು: ಸರ್ಕಾರದ ಕೈ ಒಬ್ಬ ಮನುಷ್ಯನನ್ನು ಮುಟ್ಟಿದಾಗ ಏನಾಗುತ್ತದೆ? ಪಹಣಿಗೆ ಹೆಸರು ಸೇರಿಸುವ ಕೈ, ವಿಧವಾ ವೇತನ ಮಂಜೂರು ಮಾಡುವ ಕೈ, ರಾತ್ರಿ ಬಂದು ಒಬ್ಬನನ್ನು ಜೀಪು ಹತ್ತಿಸುವ ಕೈ, ಎಲ್ಲವೂ ಒಂದೇ ಅಧಿಕಾರದ ಕೈಗಳು. ಯಾವ ಕಾನೂನಿನ ಬಲದಿಂದ ಇದನ್ನು ಮಾಡುತ್ತಿದ್ದೀರಿ? ಮಾಡುವ ಅಧಿಕಾರ ಇರುವುದು ನಿಮಗೋ, ಬೇರೆಯವರಿಗೋ? ಎಷ್ಟು ದಿನದೊಳಗೆ ಮಾಡಬೇಕು? ತಪ್ಪಾದರೆ ನಾವು ಯಾರ ಮುಂದೆ ಹೋಗಬೇಕು? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಕಡೆ ಅದು ಸರ್ಕಾರ. ಕೊಡಬೇಕಾಗಿಲ್ಲದ ಕಡೆ ಬರಿಯ ಬಲ. ನೀನು ಓದುವ ಯಾವ ಪಾಠವನ್ನಾದರೂ ಈ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಓದು. ಪಠ್ಯಕ್ರಮದಲ್ಲಿ ಹರಿದು ಹಂಚಿಹೋಗಿರುವುದೆಲ್ಲ ಒಂದು ದಾರಕ್ಕೆ ಬರುತ್ತದೆ.

ಒಂದು ಸಂಗತಿ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಕಚೇರಿಗೆ ಒಬ್ಬ ಹೆಣ್ಣುಮಗಳು ವಿಧವಾ ವೇತನದ ಅರ್ಜಿ ಹಿಡಿದು ಬರುತ್ತಿದ್ದಳು. ನಾನು ಅಲ್ಲಿಗೆ ವರ್ಗವಾಗಿ ಹೋಗುವ ಹೊತ್ತಿಗಾಗಲೇ ಅವಳ ಅರ್ಜಿ ಒಂದಕ್ಕಿಂತ ಹೆಚ್ಚು ಸಲ ತಿರಸ್ಕೃತವಾಗಿತ್ತು. ಅವಳ ಚೀಲದಲ್ಲಿದ್ದ ಹಿಂಬರಹಗಳಲ್ಲೆಲ್ಲ ಒಂದೇ ಒಕ್ಕಣೆ: ದಾಖಲೆಗಳು ಸರಿ ಇಲ್ಲದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಯಾವ ದಾಖಲೆ, ಏನು ಸರಿ ಇಲ್ಲ, ಎಲ್ಲಿ ಸರಿಪಡಿಸಬೇಕು, ಒಂದನ್ನೂ ಬರೆದಿರಲಿಲ್ಲ. ಕಡತ ತರಿಸಿ ನೋಡಿದರೆ, ಗಂಡನ ಹೆಸರು ಮರಣ ಪ್ರಮಾಣಪತ್ರದಲ್ಲಿ ಒಂದು ಬಗೆಯಾಗಿಯೂ ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆಯಾಗಿಯೂ ಇತ್ತು, ಅಷ್ಟೆ. ಆ ಕಡತ ನೋಡುತ್ತಿದ್ದ ಕೇಸ್ ವರ್ಕರ್ ಲಂಚ ಕೇಳಿದವನಲ್ಲ, ಕೆಟ್ಟ ಮನುಷ್ಯನೂ ಅಲ್ಲ. ಹಿಂದಿನವರು ಬರೆದ ಹಾಗೆ ತಾನೂ ಬರೆದಿದ್ದ. ಒಂದು ಸಾಲು ಕಾರಣ ಬರೆದಿದ್ದರೆ ಅವಳು ಮೊದಲ ಸಲವೇ ತಿದ್ದಿಸಿಕೊಂಡು ಬರುತ್ತಿದ್ದಳು. ಬರೆಯದ ಆ ಒಂದು ಸಾಲಿಗೆ ಅವಳು ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ ಅಲೆದಳು.

ಭ್ರಷ್ಟಾಚಾರದ ಬಗ್ಗೆ ನೀನು ತರಗತಿಯಲ್ಲಿ ಬೇಕಾದಷ್ಟು ಕೇಳುತ್ತೀ, ಅದು ಕೇಳಬೇಕಾದದ್ದೇ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ ಕಥೆಯನ್ನಂತೂ ಬಿಡದೆ ಓದು. ಆದರೆ ಲಂಚವಿಲ್ಲದ ಕಚೇರಿಯಲ್ಲೂ ಕಾರಣ ಬರೆಯದ ಅಭ್ಯಾಸವೊಂದೇ ಎಷ್ಟು ಜನರನ್ನು ಸವೆಸುತ್ತದೆ ಎಂಬುದು ಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು ಎಂದಷ್ಟೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದರ 4ನೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ: ಆಡಳಿತಾತ್ಮಕ ತೀರ್ಮಾನದಿಂದ ಬಾಧಿತನಾದ ವ್ಯಕ್ತಿಗೆ ಆ ತೀರ್ಮಾನದ ಕಾರಣಗಳನ್ನು ಪ್ರಾಧಿಕಾರ ತಾನಾಗಿಯೇ ಒದಗಿಸಬೇಕು. ಅರ್ಜಿ ಹಾಕಿ ಕೇಳುವ ಮೊದಲೇ! ಇಡೀ ಸಾರ್ವಜನಿಕ ಆಡಳಿತದ ಪಠ್ಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಒಂದು ಸಾಲು.

ನಮ್ಮ ರಾಜ್ಯದ ಸಕಾಲ ಕಾಯ್ದೆಯನ್ನೂ ಹೀಗೆಯೇ ಬಿಡಿಸಿ ನೋಡು. 2011ರಲ್ಲಿ ಕಾಯ್ದೆಯಾಯಿತು, 2012ರಲ್ಲಿ ಜಾರಿಗೆ ಬಂತು. ಅರ್ಜಿ ಕೊಟ್ಟ ಕೂಡಲೇ ಸಂಖ್ಯೆಯಿರುವ ಸ್ವೀಕೃತಿ, ಸೇವೆಗೆ ಇಂತಿಷ್ಟು ದಿನ, ಕೊಡಬೇಕಾದ ಅಧಿಕಾರಿ ಇಂಥವರು, ಕೊಡದಿದ್ದರೆ ಮೇಲ್ಮನವಿ ಇಂಥವರ ಮುಂದೆ, ತಡವಾದ ಒಂದೊಂದು ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದ ಪರಿಹಾರ. ಮೊತ್ತ ಸಣ್ಣದು, ನಿಜ. ಆದರೆ ಅದು ಹೊಣೆಗಾರ ಅಧಿಕಾರಿಯಿಂದ ಬರಬೇಕಾದ ಹಣ. ನಾನು ಮೇಲೆ ಬರೆದ ಪ್ರಶ್ನೆಗಳಿಗೆಲ್ಲ ಒಂದು ಚೀಟಿಯ ಮೇಲೆ ಉತ್ತರ ಕೊಡಲು ಮಾಡಿದ ಪ್ರಯತ್ನ ಇದು. ಎಲ್ಲಿ ಸೋತಿತು ಎಂಬುದನ್ನೂ ನೋಡಬೇಕು: ಗಡುವು ಮೀರಬಾರದೆಂದು ಕೊನೆಯ ದಿನ ಅರ್ಜಿಯನ್ನು ತಿರಸ್ಕರಿಸಿ ಲೆಕ್ಕ ಸರಿಮಾಡುವ ಚಾಳಿ ಕಚೇರಿಗಳಿಗೆ ಹತ್ತಿತು. ದಿನ ಎಣಿಸುವ ಕಾನೂನು ಕಾರಣ ಓದುವ ಕಣ್ಣಿಲ್ಲದೆ ಪೂರ್ತಿಯಾಗುವುದಿಲ್ಲ. ಇಂಥದ್ದನ್ನು ಅಧ್ಯಯನಕ್ಕೆತ್ತಿಕೊ. ಪ್ರಾಜೆಕ್ಟ್ ಮಾಡು ಎಂದು ಮೇಷ್ಟ್ರು ಹೇಳಿದಾಗ ಹಳೆಯ ವರದಿಗಳನ್ನು ನಕಲು ಮಾಡುವ ಬದಲು, ನಿನ್ನೂರಿನ ನಾಡಕಚೇರಿಯಲ್ಲಿ ತಿರಸ್ಕೃತವಾದ ಅರ್ಜಿಗಳ ಹಿಂಬರಹಗಳನ್ನು ಸಂಗ್ರಹಿಸಿ ಓದು. ಅಲ್ಲಿ ಸಿಗುವ ವಿದ್ಯೆ ಬೇರೆಲ್ಲೂ ಸಿಗದು.

ಈಗ ಅಪರಾಧಶಾಸ್ತ್ರದ ಮಾತು. ಟಿ.ವಿ. ಧಾರಾವಾಹಿ ನೋಡಿ ಈ ವಿಷಯಕ್ಕೆ ಸೇರುವವರು ಬಹಳ. ರಕ್ತದ ಕಲೆ, ಬೆರಳಚ್ಚು, ಕೊಲೆಗಾರನ ಮನಸ್ಸು, ಇವು ಸೆಳೆಯುತ್ತವೆ. ಅದೂ ಇರಲಿ. ಆದರೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಬೇಕಾದರೆ ವಿಜ್ಞಾನದ ಪದವಿ ಬೇಕು, ಸರ್ಕಾರಿ ಅಭಿಯೋಜಕಿಯಾಗಬೇಕಾದರೆ ಕಾನೂನು ಪದವಿ ಬೇಕು. ಇದನ್ನು ಈಗಲೇ ತಿಳಿದಿರು. ನಿನಗೆ ಈ ವಿಷಯ ಕೊಡಬಹುದಾದ ದೊಡ್ಡ ವಿದ್ಯೆ ಬೇರೆ. ಒಬ್ಬ ಮನುಷ್ಯ ತಪ್ಪು ಮಾಡಿದ್ದಾನೆಂದು ಸರ್ಕಾರ ಹೇಳಿದಾಗ, ಅದನ್ನು ಸಾಬೀತುಪಡಿಸುವ ತನಕ ಅವನನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದು ಅದು.

ನಮ್ಮ ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ವಿಚಾರಣಾಧೀನ ಕೈದಿಗಳು. ಅಂದರೆ ಯಾವ ನ್ಯಾಯಾಲಯವೂ ಅವರನ್ನು ಆ ಪ್ರಕರಣದಲ್ಲಿ ಅಪರಾಧಿಗಳೆಂದು ಇನ್ನೂ ಹೇಳಿಲ್ಲ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರು ವರ್ಷ ಓದು. 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಸ್ಥಿತಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ತಮ್ಮ ಮೇಲಿನ ಆರೋಪಕ್ಕೆ ಸಿಗಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಒಳಗಿದ್ದವರು ಅಲ್ಲಿದ್ದರು. ತ್ವರಿತ ವಿಚಾರಣೆಯೂ ಬಡವನಿಗೆ ಉಚಿತ ಕಾನೂನು ನೆರವೂ 21ನೇ ವಿಧಿಯ ಬದುಕಿನ ಹಕ್ಕಿನೊಳಗೇ ಸೇರಿವೆ ಎಂದು ನ್ಯಾಯಾಲಯ ಹೇಳಿತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲನ್ನು ವಿಚಾರಣಾಧೀನ ಬಂಧನದಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳು ಇದಕ್ಕೆ ಹೊರತು, ಬೇರೆ ಪ್ರಕರಣಗಳು ಬಾಕಿ ಇದ್ದರೂ ಸಿಗುವುದಿಲ್ಲ. ಅದಕ್ಕಾಗಿ ನ್ಯಾಯಾಲಯಕ್ಕೆ ಬರೆಯುವ ಕರ್ತವ್ಯ ಜೈಲು ಸೂಪರಿಂಟೆಂಡೆಂಟರದ್ದು. ನೋಡು, ಹಕ್ಕು ಎಂಬುದು ಕೊನೆಗೆ ಯಾರೋ ಒಬ್ಬರು ದಿನ ಎಣಿಸಿ ಒಂದು ಪತ್ರ ಬರೆಯುವುದರ ಮೇಲೆ ನಿಂತಿದೆ. ಅಪರಾಧ ನ್ಯಾಯವೂ ಸಾರ್ವಜನಿಕ ಆಡಳಿತವೂ ಕೂಡುವ ಜಾಗ ಅದು. ಎರಡನ್ನೂ ಓದಿದವಳಿಗೇ ಅದು ಕಣ್ಣಿಗೆ ಬೀಳಬೇಕು.

ಬಂಧನದ ಕಾನೂನನ್ನು ಬಾಯಿಪಾಠವಾಗುವಷ್ಟು ಓದು. ಪರೀಕ್ಷೆಗೆ ಬರುತ್ತದೆಂದು ಹೇಳುತ್ತಿಲ್ಲ, ನೆರೆಯವರು ನಿನ್ನ ಬಾಗಿಲು ತಟ್ಟುತ್ತಾರೆ ಎಂದು ಹೇಳುತ್ತಿದ್ದೇನೆ. ಕಾನೂನು ಓದುತ್ತಿರುವ ಹುಡುಗಿ ಎಂದು ಗೊತ್ತಾದರೆ ಊರಿನವರು ಮೊದಲು ನಿನ್ನನ್ನೇ ಕೇಳುವುದು. ಬಂಧಿಸಿದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದು, ಬಂಧನ ಏಕೆ ಅಗತ್ಯ ಎಂಬುದನ್ನು ಬರೆದಿಡಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿತು. ಠಾಣೆಯ ಸರಹದ್ದು ನಮ್ಮದಲ್ಲ ಎಂದು ವಾಪಸು ಕಳಿಸುವಂತಿಲ್ಲ. ದೂರುದಾರರಿಗೆ ಎಫ್‌ಐಆರ್ ಪ್ರತಿ ಉಚಿತ. ಬರೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ಇದನ್ನು ಠಾಣೆಯ ಮುಂದೆ ಗಟ್ಟಿ ದನಿಯಲ್ಲಿ ಹೇಳಬೇಕಾಗಿಲ್ಲ. ತಿಳಿದವರು ಮೆಲ್ಲಗೆ ಹೇಳಿದರೂ ರೈಟರ್ ಪೆನ್ನು ಎತ್ತಿಕೊಳ್ಳುತ್ತಾನೆ.

ಹಾಗೆಂದು ಪೊಲೀಸರನ್ನು ಶತ್ರುಗಳೆಂದು ಓದಬೇಡ. ಬಂದೋಬಸ್ತು, ರಾತ್ರಿ ಬೀಟು, ಸಮನ್ಸ್ ಜಾರಿ, ಮಹಜರು, ಕೋರ್ಟ್ ಡ್ಯೂಟಿ ಎಲ್ಲವನ್ನೂ ಬೆರಳೆಣಿಕೆಯ ಸಿಬ್ಬಂದಿಯಿಂದ ನಡೆಸುವ ಠಾಣೆಯನ್ನು ಹತ್ತಿರದಿಂದ ನೋಡಿದರೆ ಹೆಡ್ ಕಾನ್ಸ್‌ಟೇಬಲ್ ಏಕೆ ಸಿಡುಕುತ್ತಾನೆಂದು ತಿಳಿಯುತ್ತದೆ. ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸಬೇಕೆಂದು 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತ್ತು. ಅದು ಎಷ್ಟು ರಾಜ್ಯಗಳಲ್ಲಿ ಮನಸಾರೆ ಜಾರಿಯಾಯಿತು ಎಂಬುದನ್ನು ಹುಡುಕಿ ನೋಡು. ಸಿಡುಕಿಗೆ ಕಾರಣ ಅರ್ಥವಾಗುವುದು ಬೇರೆ, ಏಟನ್ನು ಒಪ್ಪಿಕೊಳ್ಳುವುದು ಬೇರೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಬರಬೇಕು.

ಮೂಲವನ್ನು ಓದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 2024ರ ಜುಲೈ 1ರಿಂದ 1860ರ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಪ್ರಕ್ರಿಯಾ ಸಂಹಿತೆಯೂ ಸಾಕ್ಷ್ಯ ಕಾಯ್ದೆಯೂ ಬದಲಾಗಿವೆ. 302 ಈಗ 103, 420 ಈಗ 318. ಅಂಗಡಿಯಲ್ಲಿ ಸಿಗುವ ಗೈಡುಗಳಲ್ಲಿ ಹೊಸ ರಟ್ಟಿನೊಳಗೆ ಹಳೆಯ ಕಲಂಗಳು ಉಳಿದುಕೊಂಡಿರಬಹುದು. ಕಾಯ್ದೆಯ ಪ್ರತಿ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಅದನ್ನು ತೆರೆದಿಟ್ಟುಕೊಂಡು ಗೈಡನ್ನು ಪಕ್ಕಕ್ಕಿಡು. ತೀರ್ಪುಗಳನ್ನೂ ಹಾಗೆಯೇ ಓದು. ಮೊದಮೊದಲು ಇಂಗ್ಲಿಷು ಕಷ್ಟವಾಗುತ್ತದೆ, ದಿನಕ್ಕೆ ಎರಡು ಪುಟ ಸಾಕು. ನಮ್ಮ ನೆಲದಿಂದ ಹೋದ ಪ್ರಕರಣಗಳಿಂದ ಶುರುಮಾಡು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ ಹೋದರು. 1973ರಲ್ಲಿ ಹದಿಮೂರು ನ್ಯಾಯಮೂರ್ತಿಗಳ ಪೀಠ ಸಂವಿಧಾನದ ಮೂಲ ಸ್ವರೂಪಕ್ಕೆ ಧಕ್ಕೆ ತರುವ ಅಧಿಕಾರ ಸಂಸತ್ತಿಗಿಲ್ಲ ಎಂದು ಏಳು-ಆರರ ಅಂತರದಲ್ಲಿ ಹೇಳಿತು. ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದರು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು, ಬಹುಮತ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಿ ಅಲ್ಲ, ಸದನದಲ್ಲಿ ಎಂದರು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ನಾರ್ಕೋ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದಾಯಿತು. ಸಂಸತ್ತಾಗಲಿ, ರಾಜ್ಯಪಾಲರಾಗಲಿ, ತನಿಖಾಧಿಕಾರಿಯಾಗಲಿ, ಮೂರೂ ಕಡೆ ಕೇಳಿದ ಪ್ರಶ್ನೆ ಒಂದೇ: ಇದನ್ನು ಮಾಡಲು ನಿಮಗೆ ಅಧಿಕಾರ ಎಲ್ಲಿಂದ ಬಂತು?

ಹಳೆಯದನ್ನೂ ಓದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಬೆಳಕಿಗೆ ಬಂದದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಯಲ್ಲಿ, 1905ರಲ್ಲಿ. ಡಿ.ವಿ.ಜಿ.ಯವರು ರಾಜ್ಯಶಾಸ್ತ್ರವನ್ನು ಕನ್ನಡದಲ್ಲೇ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಮಂಗಳೂರಿನವರು. ಮುಖ್ಯ ನ್ಯಾಯಮೂರ್ತಿಯಾಗಿದ್ದ ನಿಟ್ಟೂರು ಶ್ರೀನಿವಾಸರಾಯರು ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರು. ಕನ್ನಡ ಪುಸ್ತಕ ಪ್ರಕಾಶನಕ್ಕೂ ದುಡಿದವರು. ಈ ವಿದ್ಯೆ ನಮ್ಮಲ್ಲಿ ಹೊರಗಿನಿಂದ ಬಂದ ಹೊದಿಕೆ ಎಂದು ತಿಳಿಯಬೇಡ.

ಕಾನೂನಿನ ಒಳ್ಳೆಯತನ ಅದರ ಹೆಸರಿನಲ್ಲಿಲ್ಲ, ಅದನ್ನು ನಡೆಸುವ ಏರ್ಪಾಟಿನಲ್ಲಿದೆ ಎಂಬುದಕ್ಕೆ ನಮ್ಮ ಭೂಸುಧಾರಣೆಗಿಂತ ದೊಡ್ಡ ಪಾಠ ಬೇಡ. ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಗೇಣಿದಾರನಿಗೆ ಹೊಲ ಕೊಡುತ್ತೇನೆಂದು ಹೇಳಿದ್ದಷ್ಟೇ ಅಲ್ಲ, ಫಾರಂ ನಂ. 7 ತುಂಬಿ ಕೊಡು ಎಂದಿತು. ತಾಲೂಕಿಗೊಂದು ಭೂನ್ಯಾಯಮಂಡಳಿ ಮಾಡಿ ಅಧಿಕಾರೇತರ ಸದಸ್ಯರನ್ನು ಕೂರಿಸಿತು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಏಕೆ? ಧಣಿಗೆ ವಕೀಲ ಸಿಗುತ್ತಾನೆ, ಗೇಣಿದಾರನಿಗೆ ಸಿಗುವುದಿಲ್ಲ ಎಂದು. ಮುಂದೆ 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ಒಪ್ಪಲಿಲ್ಲ. ಮಂಡಳಿಯ ತೀರ್ಮಾನದ ಮೇಲೆ ಮೊದಲು ಮೇಲ್ಮನವಿಯೂ ಇರಲಿಲ್ಲವಾಗಿ ರಿಟ್ ಅರ್ಜಿಗಳು ಹೈಕೋರ್ಟಿಗೆ ಹರಿದವು. ಎರಡು ಕಡೆಯ ವಾದವನ್ನೂ ಓದಿ ನೀನೇ ತೀರ್ಮಾನ ಮಾಡು. ನನ್ನ ಅಭಿಪ್ರಾಯ ಹೇಳುವುದಾದರೆ, ಬಡವನಿಗೆ ವಕೀಲನನ್ನು ಕೊಡಬೇಕಿತ್ತೇ ಹೊರತು ಎಲ್ಲರ ವಕೀಲರನ್ನೂ ಹೊರಗಿಡಬಾರದಿತ್ತು; ಆದರೂ ಆ ಮಂಡಳಿಗಳು ಇಲ್ಲದಿದ್ದರೆ ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಇವತ್ತು ನಿನ್ನ ತರಗತಿಯಲ್ಲಿ ಕೂತಿರುತ್ತಿರಲಿಲ್ಲ.

ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕೆಲಸವನ್ನೂ ಹೀಗೆಯೇ ನೋಡು. 1983ರ ಕಾನೂನು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳನ್ನು ತಂದಿತು, ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮೊದಲೇ ನಮ್ಮಲ್ಲಿ ಇದಾಗಿತ್ತು. 1948ರ ನವೆಂಬರ್ 4ರಂದು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು: ಸಂವಿಧಾನದ ಒಂದಕ್ಷರ ಬದಲಿಸದೆಯೂ, ಆಡಳಿತದ ರೂಪವನ್ನಷ್ಟೇ ಬದಲಿಸಿ ಅದರ ಆಶಯವನ್ನು ಕೆಡಿಸಬಹುದು ಎಂದು. ಆ ಭಾಷಣವನ್ನು ಪೂರ್ತಿ ಓದು. ರಾಜ್ಯಶಾಸ್ತ್ರ ಓದುವವರು ಆಡಳಿತವನ್ನೂ ಏಕೆ ಓದಬೇಕು ಎಂಬುದಕ್ಕೆ ಅದಕ್ಕಿಂತ ಬಲವಾದ ಉತ್ತರ ನನಗೆ ಸಿಕ್ಕಿಲ್ಲ.

ಇನ್ನು ನಿನ್ನಪ್ಪನ ಅಳುಕಿನ ವಿಷಯ. ಕೆಪಿಎಸ್‌ಸಿ, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳು ನಿನ್ನೆದುರಿಗಿವೆ. ಬರೆ, ಬರೆಯಲೇಬೇಕು, ಒಳ್ಳೆಯವರು ಸರ್ಕಾರದೊಳಗೆ ಬರಬೇಕು. ಆದರೆ ಪದವಿಯ ಮೂರು ವರ್ಷವನ್ನು ಸಪ್ತಾಪುರದ ಕೋಚಿಂಗ್ ಕೇಂದ್ರಗಳಿಗೆ ಒತ್ತೆಯಿಡಬೇಡ. ಅಧಿಸೂಚನೆ ಬರುವುದು ತಡವಾಗುತ್ತದೆ, ಪರೀಕ್ಷೆ ಮುಂದೂಡಿಕೆಯಾಗುತ್ತದೆ, ಫಲಿತಾಂಶ ಕೋರ್ಟಿಗೆ ಹೋಗುತ್ತದೆ. ಬಾಡಿಗೆ ಕೋಣೆಯಲ್ಲಿ ಇಪ್ಪತ್ತು ಕಳೆದು ಮೂವತ್ತು ದಾಟಿದ ಜಾಣ ಮಕ್ಕಳನ್ನು ನಾನು ಬಲ್ಲೆ. ಅವರ ಮನೆಯವರು ಹೊಲ ಮಾರಿದ್ದನ್ನೂ ಬಲ್ಲೆ. ಎಷ್ಟು ವರ್ಷ, ಎಷ್ಟು ಸಲ ಎಂಬುದನ್ನು ಮೊದಲೇ ನಿರ್ಧರಿಸಿ ಅಪ್ಪನಿಗೆ ಹೇಳಿಬಿಡು. ಕಾನೂನು ಪದವಿ, ಮಕ್ಕಳ ರಕ್ಷಣಾ ಘಟಕ, ಪರಿವೀಕ್ಷಣಾಧಿಕಾರಿಯ ಕೆಲಸ, ಕಾನೂನು ಸೇವಾ ಪ್ರಾಧಿಕಾರ, ಪತ್ರಿಕೆ, ಸಂಶೋಧನೆ, ಪಂಚಾಯ್ತಿ ಸದಸ್ಯತ್ವ, ಈ ಓದಿಗೆ ಬಾಗಿಲುಗಳು ಒಂದೆರಡಲ್ಲ. ಪಂಚಾಯ್ತಿ ಚುನಾವಣೆಗೆ ನಿಲ್ಲುವುದನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಬರವಣಿಗೆಯನ್ನು ಬೆಳೆಸಿಕೊ. ತಾಲೂಕು, ಜಿಲ್ಲೆಯ ಆಡಳಿತ ಕನ್ನಡದಲ್ಲಿ ನಡೆಯುತ್ತದೆ, ಆದರೆ ಆ ಕನ್ನಡ ಎಷ್ಟು ಜನಕ್ಕೆ ತಿಳಿಯುತ್ತದೆ? ‘ಸದರಿ’, ‘ಮೇಲ್ಕಂಡಂತೆ’, ‘ನಿಯಮಾನುಸಾರ ಅವಕಾಶವಿರುವುದಿಲ್ಲ’ ಎಂದು ಬರೆದರೆ ಅರ್ಜಿದಾರ ಇನ್ನೊಬ್ಬರಿಗೆ ದುಡ್ಡು ಕೊಟ್ಟು ಓದಿಸಿಕೊಳ್ಳಬೇಕು. ಒಂದು ಸರ್ಕಾರಿ ಆದೇಶ ತೆಗೆದುಕೊಂಡು ಅದನ್ನು ನಿನ್ನ ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ನೋಡು. ಕಷ್ಟವಾದರೆ ಆದೇಶ ನಿನಗೇ ಅರ್ಥವಾಗಿಲ್ಲ ಎಂದು ತಿಳಿ.

ನಡುನಡುವೆ ಪುಸ್ತಕ ಮುಚ್ಚಿ ಹೊರಗೆ ಹೋಗು. ನ್ಯಾಯಾಲಯಗಳ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಒಂದು ಬೆಳಗಿನ ಹೊತ್ತು ಕುಳಿತು, ಹೆಸರು ಕೂಗಿದಾಗ ಯಾರು ಬರುತ್ತಾರೆ, ಯಾರ ಪರವಾಗಿ ಯಾರೂ ಏಳುವುದಿಲ್ಲ, ಮುಂದಿನ ತಾರೀಕು ಎಷ್ಟು ದಿನಕ್ಕೆ ಬೀಳುತ್ತದೆ, ಗಮನಿಸು. ಅಲ್ಲಿ ಕಂಡವರ ಹೆಸರು ಎಲ್ಲೂ ಬರೆಯಬೇಡ, ಮೊಬೈಲು ತೆಗೆಯಬೇಡ.

ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಸಂವಿಧಾನದ 14, 19, 20, 21, 22ನೇ ವಿಧಿಗಳನ್ನು ಮೂಲದಲ್ಲೇ ಓದಿ ಮುಗಿಸು. ರಜೆಗೆ ಬಂದಾಗ ಊರಿನಲ್ಲಿ ಗ್ರಾಮಸಭೆ ಇದ್ದರೆ ಹೋಗು. ಹಿಂದಿನ ಸಭೆಯ ನಡವಳಿ ಓದಿ ಎಂದು ಕೇಳು. ಯಾವ ಕೆಲಸಕ್ಕೆ ಎಷ್ಟು ಹಣ ಎಂದಿದ್ದರು, ಎಷ್ಟಾಯಿತು, ಆಗದಿದ್ದರೆ ಏಕೆ ಆಗಲಿಲ್ಲ ಎಂದು ಎದ್ದು ನಿಂತು ಕೇಳು, ಮತ್ತು ಕೊಟ್ಟ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸು.